ಬಯಾತ್ ಸಿಮಿತ್ ತಂಡದ ಎರಡನೇ ಆಲ್ಬಂ ಕಳವು

ನವೆಂಬರ್ ಹನ್ನೆರಡು, ಮಂಗಳವಾರ. ಬೆಳಿಗ್ಗೆ 9.40ಕ್ಕೆ ಇಸ್ತಾನ್‌ಬುಲ್‌ನ ಕಾದಿಕೋಯ್ ಠಾಣೆಗೆ ಇಬ್ಬರು ಯುವಕರು ಬಂದರು. ಉದ್ದ ಕೂದಲಿನವನು ಕೊರಾಯ್, ‘ಬಯಾತ್ ಸಿಮಿತ್’, ಅಂದರೆ ‘ತಂಗಳು ರೊಟ್ಟಿ’, ಎಂಬ ರಾಕ್ ತಂಡದ ಗಾಯಕ. ದಪ್ಪಗಿದ್ದವನು ಡ್ರಮ್ಮರ್ ಸರ್ವೆತ್. ತಂಡದ ಎರಡನೇ ಆಲ್ಬಂ ಪೂರ್ತಿ ಇದ್ದ ಹಾರ್ಡ್ ಡಿಸ್ಕ್ ಹಿಂದಿನ ದಿನ ಸ್ಟುಡಿಯೋದಿಂದ ಕಳುವಾಗಿದೆ ಎಂಬುದು ದೂರು.

“ಇನ್ನೊಂದು ಕಾಪಿ?” ಇನ್ಸ್‌ಪೆಕ್ಟರ್ ನೆರ್ಮಿನ್ ಕೇಳಿದರು.

“ಮಾಡ್ಬೇಕು ಅಂತಿದ್ವಿ,” ಎಂದ ಕೊರಾಯ್.

“ಡಿಸ್ಕ್ ಯಾರದು?”

“ನಂದು,” ಎಂದ ಸರ್ವೆತ್. “ಇವನು ತರ್ತೀನಿ ತರ್ತೀನಿ ಅಂತಾನೇ ಇದ್ದ. ಕೊನೆಗೆ ನಾನೇ ತಂದೆ.”

ಶುಕ್ರವಾರದೊಳಗೆ ಆಲ್ಬಂ ಒಪ್ಪಿಸದಿದ್ದರೆ ಮ್ಯೂಸಿಕ್ ಕಂಪನಿ ಒಪ್ಪಂದ ರದ್ದು ಮಾಡುವುದಿತ್ತು. ಎಫ್‌ಐಆರ್ ದಾಖಲಾಯಿತು.

ಸ್ಟುಡಿಯೋ ಇದ್ದದ್ದು ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ. ಬೀಗ ಮುರಿದಿರಲಿಲ್ಲ. ಗಿಟಾರ್‌ಗಳು ಇದ್ದಲ್ಲೇ ಇದ್ದವು. ಪಂಚನಾಮೆ ಬರೆಯುತ್ತಿದ್ದ ಕಾನ್‌ಸ್ಟೇಬಲ್ ಸತಿಲ್ಮಿಶ್ ಪೆನ್ನು ನಿಲ್ಲಿಸಿದ.

“ಮೇಡಂ, ಈ ಜಾಗ ತೀರಾ ಚೊಕ್ಕಟವಾಗಿದೆ.”

ನಿಜ. ಸಿಗರೇಟಿನ ಬೂದಿಯ ಬಟ್ಟಲು ಫಳಫಳ ಹೊಳೆಯುತ್ತಿತ್ತು. ಚಹಾ ಲೋಟಗಳು ತೊಳೆದು ಬಟ್ಟೆಯ ಮೇಲೆ ಬೋರಲಾಗಿದ್ದವು. ವೈರುಗಳನ್ನು ಸುತ್ತಿ ಉಣ್ಣೆಯ ದಾರದಲ್ಲಿ ಕಟ್ಟಲಾಗಿತ್ತು.

“ನಿಮ್ಮಲ್ಲಿ ಲೋಟ ತೊಳೆಯೋರು ಯಾರು?” ನೆರ್ಮಿನ್ ಕೇಳಿದರು.

ಇಬ್ಬರೂ ಮುಖ ಮುಖ ನೋಡಿಕೊಂಡರು. “ನಮ್ಮದು ರಾಕ್ ಬ್ಯಾಂಡ್ ಮೇಡಂ,” ಎಂದ ಕೊರಾಯ್.

“ಕೀ ಎಷ್ಟಿವೆ?”

“ಸರ್ವೆತ್ ಹತ್ರ ಒಂದು. ನನ್ನ ಜಾಕೆಟ್ ಜೇಬಲ್ಲಿ ಒಂದು.”

“ನಿನ್ನೆ ಜಾಕೆಟ್ ಎಲ್ಲಿತ್ತು?”

“ಒಗೆಯೋಕೆ ಕೊಟ್ಟಿದ್ದೆ.”

“ಯಾರಿಗೆ?”

ಕೊರಾಯ್ ತೊಳೆದಿಟ್ಟ ಲೋಟಗಳ ಕಡೆ ನೋಡಿದ. ಸರ್ವೆತ್ ಮೆಲ್ಲಗೆ ಸ್ಟೂಲಿನ ಮೇಲೆ ಕುಸಿದ. “ಹೋಯ್ತು ಬಿಡು. ನಿಮ್ಮಮ್ಮ.”

ಮಧ್ಯಾಹ್ನ ಎಲ್ಲರೂ ಉಸ್ಕುದಾರ್‌ನ ಮನೆಗೆ ಹೋದರು. ಕೊರಾಯ್‌ನ ತಾಯಿ ಮುಕದ್ದೆಸ್ ಪೊಲೀಸರ ಬೂಟು ಬಿಚ್ಚಿಸಿ, ಚಪ್ಪಲಿ ಕೊಟ್ಟು, ಬೋರೆಕ್ ಎಂಬ ಪದರ ಪದರದ ಬಿಸಿ ಕಡುಬಿನ ತಟ್ಟೆ ಮುಂದಿಟ್ಟರು.

“ಡಿಸ್ಕ್ ಎಲ್ಲಿದೆ ಅಮ್ಮಾ?” ನೆರ್ಮಿನ್ ಕೇಳಿದರು.

“ಮೊದಲು ತಿನ್ನಿ, ಆರಿ ಹೋಗುತ್ತೆ.”

ಸತಿಲ್ಮಿಶ್ ಆಗಲೇ ಎರಡನೇ ತುಂಡಿಗೆ ಕೈ ಹಾಕಿದ್ದ. ನೆರ್ಮಿನ್ ದುರುಗುಟ್ಟಿ ನೋಡಿದ ಮೇಲೆ ತಟ್ಟೆ ಸರಿಸಿದ.

ಡಿಸ್ಕ್ ಅಕ್ಕಿ ಡಬ್ಬಿಯಲ್ಲಿತ್ತು, ಮೆತ್ತನೆ ಬಟ್ಟೆಯಲ್ಲಿ ಸುತ್ತಿಕೊಂಡು. “ತೇವ ತಾಗಬಾರದು ಅಂತ ಅಕ್ಕೀಲಿಟ್ಟೆ. ಟೀವೀಲಿ ಹೇಳಿದ್ರು,” ಎಂದರು ಮುಕದ್ದೆಸ್.

“ಇದೇ ಡಿಸ್ಕ್ ಅಂತ ಹೇಗೆ ಗೊತ್ತಾಯ್ತು?”

“ಮೇಲೇ ಬರೆದಿದ್ರಲ್ಲ, ‘ಎರಡನೇ ಆಲ್ಬಂ’ ಅಂತ. ತಗೊಂಡು ಬಂದುಬಿಡೋಣ ಅಂದ್ರೆ ಆ ಕೊಳಕು ನೋಡಿ ಮನಸ್ಸು ತಡೀಲಿಲ್ಲ.”

“ಯಾಕೆ ತಗೊಂಡ್ರಿ?”

“ಬಚ್ಚಲಲ್ಲಿ ಇದರ ಹಾಡೊಂದು ಹಾಡ್ತಿದ್ದ. ಇವನು ಅನಾಥನಂತೆ. ತಾಯಿ ಸತ್ತಳಂತೆ, ಒಲೆ ಆರಿತಂತೆ, ಮಗು ಹಸಿದು ಮಲಗಿತಂತೆ. ನಾನು ಹೊರಗೆ ಟವಲ್ ಹಿಡ್ಕೊಂಡು ನಿಂತಿದ್ದೆ.”

ಕೊರಾಯ್ ಕೆಂಪಾದ. “ಅಮ್ಮಾ, ರಾಕ್ ಹಾಡಿಗೆ ನೋವು ಬೇಕು. ಮೊದಲನೇ ಆಲ್ಬಂ ಹೊತ್ತಿಗೆ ಸೆವಿಲ್ ಕೈಕೊಟ್ಟು ಹೋದ್ಲು, ಅದರಲ್ಲೇ ಎಲ್ಲ ಹಾಡೂ ಆಯ್ತು. ಎರಡನೇದಕ್ಕೆ ಯಾರೂ ಕೈಕೊಡಲಿಲ್ಲ. ನಾನೇನ್ ಮಾಡ್ಲಿ?”

“ಅದಕ್ಕೆ ನನ್ನ ಸಾಯಿಸಿದ್ಯಾ?”

ಮಗನ ವಸ್ತುವನ್ನು ತಾಯಿ ತೆಗೆದರೆ ಅಲ್ಲಿನ ಕಾನೂನು ಶಿಕ್ಷಿಸುವುದಿಲ್ಲ. ಆದರೆ ಡಿಸ್ಕ್ ಸರ್ವೆತ್‌ನದು. 3.20ಕ್ಕೆ ಮುಕದ್ದೆಸ್ ಅವರನ್ನು ಬಂಧಿಸಲಾಯಿತು. ಅವರು ಒಲೆ ಆರಿಸಿ, ಉಳಿದ ಬೋರೆಕ್ ಅನ್ನು ಸರ್ವೆತ್‌ಗೆ ಕಟ್ಟಿಕೊಟ್ಟು ಜೀಪು ಹತ್ತಿದರು. ಆ ಮನೆಯಲ್ಲಿ ವರ್ಷಗಟ್ಟಲೆ ಉಂಡಿದ್ದ ಸರ್ವೆತ್, ಠಾಣೆ ಬರುವವರೆಗೂ ತಲೆ ಎತ್ತಲಿಲ್ಲ.

ಹೇಳಿಕೆ ಪಡೆಯುವಾಗ ನೆರ್ಮಿನ್ ಕೇಳಿದರು: “ಜನ ಆಡ್ಕೋತಾರೆ ಅಂತ ಕದ್ರಾ?”

“ಜನ ಬಿಡಿ. ಹಾಡು ಚೆನ್ನಾಗಿದೆ, ಕೇಳಿ ನಾನೇ ಅತ್ತುಬಿಟ್ಟೆ.” ಮುಕದ್ದೆಸ್ ಮಗನ ಕಡೆ ಕೈ ತೋರಿಸಿದರು. “ಆಮೇಲೆ ಅನ್ನಿಸ್ತು, ಇರೋ ದುಃಖ ಎಲ್ಲಾ ಈಗ್ಲೇ ಹಾಡಿ ಮುಗಿಸಿದ್ರೆ, ನಾನು ನಿಜವಾಗಿ ಹೋದಾಗ ಇವನು ಏನು ಹಾಡ್ತಾನೆ?”

ಸತಿಲ್ಮಿಶ್ ಬರೆಯುವುದನ್ನು ನಿಲ್ಲಿಸಿದ. ಕೊರಾಯ್ ಗೋಡೆಯ ಕಡೆ ತಿರುಗಿ ನಿಂತ.

ಸರ್ವೆತ್ ದೂರು ಹಿಂತೆಗೆದುಕೊಂಡ, ಮುಕದ್ದೆಸ್ ಮನೆಗೆ ಹೋದರು. ಶುಕ್ರವಾರ ಆಲ್ಬಂ ಕಂಪನಿಗೆ ತಲುಪಿತು. ಆ ಹಾಡೂ ಅದರಲ್ಲಿತ್ತು, ಮಾತೆಲ್ಲ ತೆಗೆದು, ಬರೀ ಗಿಟಾರ್.