ಪೆನ್ಸಿಲ್ ಚುಕ್ಕೆಗಳ ರಿಜಿಸ್ಟರ್

2025ರ ಜನವರಿ 20, ಸೋಮವಾರ, ಬೆಳಿಗ್ಗೆ 10.20. ಸುಂಟಿಕೊಪ್ಪದ ಠಾಣೆಯ ಮುಂದೆ ಒಂದು ಆಟೋ ನಿಂತಿತು. ಅದರಿಂದ ಇಳಿದವರಲ್ಲಿ ಒಬ್ಬರು ಹೊಸಗದ್ದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಡಾ. ಅಮೃತಾ. ಇನ್ನೊಬ್ಬಳು ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಲಿಖಿತಾ. ಅದೇ ಡಾಕ್ಟರ ಮೇಲೆ ದೂರು ಕೊಡುತ್ತೇನೆಂದು ಬೆಳಿಗ್ಗೆ ಠಾಣೆಗೆ ಫೋನ್ ಮಾಡಿ ಮನೆಯಿಂದ ಹೊರಟಿದ್ದವಳು ಅವಳೇ.

"ಜಗಳ ಆಡ್ಕೊಂಡೋರು ಒಂದೇ ಆಟೋದಲ್ಲಿ ಬರೋದನ್ನ ಇವತ್ತೇ ನೋಡಿದ್ದು ಸಾರ್," ಎಂದ ಹೆಡ್ ಕಾನ್‌ಸ್ಟೆಬಲ್ ಮಲ್ಲಪ್ಪ, ಚಹಾಕ್ಕೆ ನಾಲ್ಕನೇ ಚಮಚ ಸಕ್ಕರೆ ಹಾಕುತ್ತ.

ಇನ್ಸ್‌ಪೆಕ್ಟರ್ ರೇಣುಕಪ್ರಸಾದ್ ಇಬ್ಬರಿಗೂ ಕುರ್ಚಿ ತೋರಿಸಿದರು.

"ಯಾರು ಮೊದಲು ಹೇಳ್ತೀರಿ?"

"ನಾನು," ಎಂದಳು ಲಿಖಿತಾ. "ನಮ್ಮಮ್ಮ ಮುತ್ತಿ. ಗುಡ್ಡೆಕಾಡು ಕಾಫಿ ಎಸ್ಟೇಟಲ್ಲಿ ಆಳುಗಳ ಲೈನ್ ಮನೇಲಿದ್ದಾರೆ. ಕಾಲಲ್ಲಿ ಹುಣ್ಣಾಗಿ, ಬುಧವಾರ ತಲೆ ತಿರುಗಿ ಬಿದ್ರು. ಮಡಿಕೇರಿಗೆ ಕರ್ಕೊಂಡು ಹೋದ್ರೆ ಶುಗರ್ ನಾನೂರ ಹದಿನೆಂಟು. ಅಲ್ಲಿನ ಡಾಕ್ಟ್ರು ಕಂಪ್ಯೂಟರ್ ನೋಡಿ, 'ಇದೇ ಎಂಟನೇ ತಾರೀಕು ಟೆಸ್ಟ್ ಆಗಿದೆ, ನಾರ್ಮಲ್ ಅಂತಿದೆಯಲ್ಲಮ್ಮ' ಅಂದ್ರು. ಅಮ್ಮ ಹೇಳ್ತಾರೆ, ನನ್ನ ಬೆರಳಿಗೆ ಯಾರೂ ಸೂಜಿ ಚುಚ್ಚಿಲ್ಲ ಅಂತ."

"ಕಾಲು ಹೇಗಿದೆ?"

"ಉಳಿಸ್ಬಹುದು ಅಂತಿದ್ದಾರೆ. ಖಾತ್ರಿ ಇಲ್ಲ." ಅವಳು ಡಾಕ್ಟರ ಕಡೆ ತಿರುಗಿದಳು. "ದೂರಿಗೆ ಬೇಕು, ರಿಜಿಸ್ಟರಲ್ಲಿ ಅಮ್ಮನ ಹೆಸರಿರೋ ಪುಟದ ಒಂದು ಕಾಪಿ ಕೊಡಿ ಅಂತ ಇವತ್ತು ಎಂಟೂವರೆಗೇ ಮೇಡಂ ಹತ್ರ ಹೋದೆ."

"ಕೊಡೋಣ ಅಂತ ಬೀರು ತೆಗೆದೆ," ಎಂದರು ಅಮೃತಾ. "ಶುಗರ್ ತಪಾಸಣೆಯ ರಿಜಿಸ್ಟರೇ ಇಲ್ಲ."

ಡಾಕ್ಟರು ಈ ಕೇಂದ್ರಕ್ಕೆ ಬಂದು ಇನ್ನೂ ಎರಡು ವಾರ. ಅವರ ಆತಂಕ ಕಳೆದುಹೋದ ಪುಸ್ತಕದ್ದಷ್ಟೇ ಅಲ್ಲ. ಗುಡ್ಡೆಕಾಡಿನ ಲೈನಿನಲ್ಲಿ ಅರವತ್ತೊಂದು ಜನರಿಗೆ ಅದೇ ದಿನ 'ನಾರ್ಮಲ್' ಎಂದು ಬರೆದಿದೆ. ಮುತ್ತಿಯದು ಸುಳ್ಳಾದರೆ ಉಳಿದ ಅರವತ್ತರ ಗತಿ?

"ಮತ್ತೆ ಟೆಸ್ಟ್ ಮಾಡಿಬಿಡಿ," ಎಂದ ಮಲ್ಲಪ್ಪ.

"ರಕ್ತ ನೋಡೋ ಸ್ಟ್ರಿಪ್ ಇಲ್ಲ. ಶನಿವಾರ ಮಡಿಕೇರಿ ಮೀಟಿಂಗಲ್ಲಿ ಕೇಳಿದೆ. ಈ ವರ್ಷದ ತಪಾಸಣೆ ಮುಗಿದಿದೆ ಅಂತ ಆನ್‌ಲೈನ್‌ನಲ್ಲಿದೆ, ಇನ್ನು ಕೊಡೋಕೆ ಬರಲ್ಲ ಅಂದ್ರು. ದಾಖಲೆ ಸುಳ್ಳು ಅಂತ ತೋರಿಸೋಕೆ ರಿಜಿಸ್ಟರ್ ಬೇಕು."

11.05ಕ್ಕೆ ಎಫ್‌ಐಆರ್ ದಾಖಲಾಯಿತು: ಸರ್ಕಾರಿ ದಾಖಲೆಯ ಕಳವು, ಆರೋಪಿ ಅಪರಿಚಿತ.

ಮಧ್ಯಾಹ್ನ 12.15ಕ್ಕೆ ಹೊಸಗದ್ದೆಯಲ್ಲಿ ಸ್ಥಳ ಪಂಚನಾಮೆ. ಬೀರುವಿನ ಬೀಗ ಒಡೆದಿರಲಿಲ್ಲ. ಕೇಂದ್ರದ ಗುಡಿಸಿ ಒರೆಸುವ ಕೆಲಸದ ಕಾಂತಮ್ಮ ಸೊಂಟಕ್ಕೆ ಕೈಯಿಟ್ಟುಕೊಂಡು ನೋಡುತ್ತಿದ್ದರು.

"ಬೀಗದ ಕೈ ಎಲ್ಲಿರುತ್ತಮ್ಮ?"

"ಕ್ಯಾಲೆಂಡರ್ ಹಿಂದೆ, ಮೊಳೆಯಲ್ಲಿ."

"ಯಾರಿಗೆಲ್ಲ ಗೊತ್ತು?"

"ಎಲ್ಲರಿಗೂ ಗೊತ್ತು ಸಾರ್. ಜಗಲಿಯಲ್ಲಿ ಮಲಗೋ ಆ ನಾಯಿಗೂ ಗೊತ್ತು. ಅದಕ್ಕೆ ಎಟುಕಲ್ಲ, ಅಷ್ಟೇ."

ರಿಜಿಸ್ಟರ್ ಬರೆಯುತ್ತಿದ್ದವರು ಆರೋಗ್ಯ ಸಹಾಯಕಿ ಗೋಮತಿ. ಒಳಕೋಣೆಯಲ್ಲಿ ಮಹಿಳಾ ಕಾನ್‌ಸ್ಟೆಬಲ್ ಎದುರಿಗೆ ಅವರನ್ನು ಕೂರಿಸಿದಾಗ ಕೈಯಲ್ಲಿದ್ದ ಕರವಸ್ತ್ರ ಆಗಲೇ ಒದ್ದೆಯಾಗಿತ್ತು.

"ಎಂಟನೇ ತಾರೀಕು ಗುಡ್ಡೆಕಾಡಿಗೆ ಹೋಗಿದ್ರಾ?" ಎಂದು ರೇಣುಕಪ್ರಸಾದ್ ಕೇಳಿದರು.

"ಇಲ್ಲ ಸಾರ್."

"ಹನ್ನೊಂದರಿಂದ ಒಂದು ಗಂಟೆವರೆಗೆ ಅರವತ್ತೊಂದು ಜನ ಅಂತ ಆನ್‌ಲೈನ್‌ನಲ್ಲಿದೆ."

"ಇಲ್ಲೇ ಕೂತು ಬರೆದೆ. ನವೆಂಬರಿಂದ ಸ್ಟ್ರಿಪ್ ಬಂದಿಲ್ಲ ಸಾರ್. ಹನ್ನೊಂದು ಸಲ ಬರೆದು ಕಳಿಸಿದ್ದೀನಿ, ಕಾಪಿ ಇಟ್ಟಿದ್ದೀನಿ. ದಿನಾ ಸಂಜೆ ಇಲಾಖೆಯ ಫೋನ್ ಗ್ರೂಪಲ್ಲಿ ಕೆಂಪು ಅಕ್ಷರದಲ್ಲಿ ಹಾಕ್ತಾರೆ, ಯಾವ ಕೇಂದ್ರ ಹಿಂದೆ ಬಿದ್ದಿದೆ ಅಂತ. ಎಲ್ಲರೂ ನಗೋ ಗೊಂಬೆ ಒತ್ತುತ್ತಾರೆ. ಕೊನೆಗೆ ಬರೆದುಬಿಟ್ಟೆ."

"ಬಚಾವಾಗೋಕೆ ರಿಜಿಸ್ಟರನ್ನೂ ಮಾಯ ಮಾಡಿದ್ರಿ."

ಗೋಮತಿ ತಲೆಯೆತ್ತಿದರು. ಅಲ್ಲಿಯವರೆಗೆ ಅಳುತ್ತಿದ್ದ ಹೆಂಗಸಿಗೆ ಈಗ ಸಿಟ್ಟು ಬಂದಿತ್ತು.

"ಕದಿಯೋಳಾದ್ರೆ ಚುಕ್ಕೆ ಯಾಕೆ ಹಾಕ್ತಿದ್ದೆ ಸಾರ್?"

"ಎಂಥ ಚುಕ್ಕೆ?"

"ಯಾರಿಗೆ ಪರೀಕ್ಷೆ ಮಾಡಿಲ್ವೋ ಅವರ ಕ್ರಮಸಂಖ್ಯೆ ಪಕ್ಕ ಪೆನ್ಸಿಲಲ್ಲಿ ಒಂದೊಂದು ಚುಕ್ಕೆ. ಸ್ಟ್ರಿಪ್ ಬಂದ ದಿನ ಅವರನ್ನೇ ಹುಡುಕ್ಕೊಂಡು ಹೋಗೋಣ ಅಂತ. ಪೆನ್ನಲ್ಲಿ ಸುಳ್ಳು ಬರೆದೆ, ಪೆನ್ಸಿಲಲ್ಲಿ ನಿಜ ಬರೆದೆ. ಮುತ್ತಕ್ಕನ ಹೆಸರಿಗೂ ಇದೆ."

"ಈ ಚುಕ್ಕೆ ವಿಷಯ ಇನ್ಯಾರಿಗೆ ಗೊತ್ತು?"

"ಗಜಾನನ ಸರ್‌ಗೆ. ತಾಲ್ಲೂಕಿನ ಮೇಲ್ವಿಚಾರಕರು. ಮುತ್ತಕ್ಕ ಆಸ್ಪತ್ರೆ ಸೇರಿದ್ದು ಕೇಳಿ ಶುಕ್ರವಾರ ಬಂದು ಪುಸ್ತಕ ತಿರುವಿದ್ರು. ಇದೆಲ್ಲ ಅಳಿಸಮ್ಮ ಅಂದ್ರು. ಹೂಂ ಅಂದೆ. ಅಳಿಸಲಿಲ್ಲ."

ಹೇಳಿಕೆಯನ್ನೇ ನಂಬಿ ಕೂರುವ ಅಭ್ಯಾಸ ರೇಣುಕಪ್ರಸಾದರಿಗಿರಲಿಲ್ಲ. ಜನವರಿ 21, ಮಂಗಳವಾರ, ಬೆಳಿಗ್ಗೆ 9ಕ್ಕೆ ಜೀಪು ಗುಡ್ಡೆಕಾಡು ಎಸ್ಟೇಟಿನ ಕಚೇರಿ ಮುಂದೆ ನಿಂತಿತು. ಲೈನಿನ ಬಾಗಿಲುಗಳಿಗೆಲ್ಲ ಚಿಲಕ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶಿವಶಂಕರಪ್ಪ ಕನ್ನಡಕ ಏರಿಸಿಕೊಂಡು ಹಾಜರಿ ಪುಸ್ತಕ ಬಿಚ್ಚಿದರು.

"ಎಂಟನೇ ತಾರೀಕು ಬುಧವಾರ. ಅರವತ್ತೊಂದು ಆಳೂ ಹಣ್ಣು ಕೊಯ್ಯೋಕೆ, ಪಿಕಿಂಗ್‌ಗೆ ಹೋಗಿದ್ದಾರೆ, ಮೇಲಿನ ಬ್ಲಾಕು. ಎಂಟಕ್ಕೆ ಹತ್ತಿದೋರು ಇಳಿದು ಬಂದು ಹಣ್ಣು ತೂಗಿಸಿದ್ದು ನಾಲ್ಕೂವರೆಗೆ."

"ಹನ್ನೊಂದು ಗಂಟೆಗೆ ಲೈನಲ್ಲಿ ಯಾರಿದ್ರು?"

ಶಿವಶಂಕರಪ್ಪ ನಕ್ಕೇಬಿಟ್ಟರು. "ಪಿಕಿಂಗ್ ಟೈಮಲ್ಲಿ ಹನ್ನೊಂದು ಗಂಟೆಗೆ ಲೈನಲ್ಲಿ ಕೋಳಿ ಬಿಟ್ರೆ ಇನ್ಯಾರಿರ್ತಾರೆ ಸಾಹೇಬ್ರೇ? ಕೋಳಿಗೆ ಶುಗರ್ ನೋಡಿದ್ರೆ ನಂಗೊತ್ತಿಲ್ಲ. ಆ ಹೊತ್ತು ಬರೆದೋರಿಗೆ ಕಾಫಿ ತೋಟ ಗೊತ್ತಿಲ್ಲ, ಇಲ್ಲ ತಲೆ ಕೆಟ್ಟಿತ್ತು."

ಹಾಜರಿ ಪುಟದ ನಕಲನ್ನು ಪಂಚರ ಎದುರು ವಶಕ್ಕೆ ಪಡೆದರು. ಗೋಮತಿಯ ಮಾತು ಅಲ್ಲಿಗೆ ನಿಜವೆಂದಾಯಿತು. ಈಗ ಉಳಿದಿದ್ದು ಪುಸ್ತಕ.

11.40ಕ್ಕೆ ಮತ್ತೆ ಹೊಸಗದ್ದೆ, ಮತ್ತೆ ಕಾಂತಮ್ಮ.

"ಶನಿವಾರ ಇಲ್ಲಿಗೆ ಯಾರ್ಯಾರು ಬಂದಿದ್ರು?"

"ಡಾಕ್ಟ್ರಮ್ಮ ಮಡಿಕೇರಿಗೆ ಮೀಟಿಂಗಿಗೆ ಹೋಗಿದ್ರು. ಗೋಮತಿ ಚುಚ್ಚುಮದ್ದಿಗೆ ಅಂಗನವಾಡಿಗೆ. ಮಧ್ಯಾಹ್ನ ಗಜಾನನ ಸಾರ್ ಬಂದು ಅರ್ಧ ಗಂಟೆ ಕೂತಿದ್ರು. ಚಹಾ ಕೊಟ್ಟೆ. ಪಾಪದ ಮನುಷ್ಯ, ಗಟ್ಟಿಯಾಗಿ ಮಾತೂ ಆಡಲ್ಲ. ಈಚೆಗೆ ತುಂಬಾ ಇಳಿದು ಹೋಗಿದ್ದಾರೆ. ಎರಡು ಚೊಂಬು ನೀರು ಕುಡಿದ್ರು."

"ಏನಾದ್ರೂ ಕೇಳಿದ್ರಾ?"

"ಎಂತ ಕೇಳಿದ್ರು..." ಕಾಂತಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ಹಾಂ. ರಬ್ಬರ್ ಇದ್ಯಾ ಕಾಂತಮ್ಮ ಅಂದ್ರು. ಇದೇನು ಇಸ್ಕೂಲಾ ಸಾರ್ ಅಂದೆ. ನಗಲೇ ಇಲ್ಲ. ಚೀಲ ಹಿಡ್ಕೊಂಡು ಹೊರಟೇಬಿಟ್ರು."

ರೇಣುಕಪ್ರಸಾದ್ ಮಲ್ಲಪ್ಪನ ಮುಖ ನೋಡಿದರು.

"ಇಷ್ಟೊತ್ತಿಗೆ ಸುಟ್ಟು ಹಾಕಿರ್ತಾರೆ ಬಿಡಿ ಸಾರ್," ಎಂದ ಮಲ್ಲಪ್ಪ ಜೀಪಿನಲ್ಲಿ.

"ಸುಡೋನು ರಬ್ಬರ್ ಯಾಕೆ ಕೇಳ್ತಾನೆ?"

ಜನವರಿ 22, ಬುಧವಾರ, ಬೆಳಿಗ್ಗೆ 7.30. ಶೋಧನಾ ಆದೇಶ ಹಿಡಿದು ಇಬ್ಬರು ಪಂಚರೊಂದಿಗೆ ಹೋದಾಗ ಗಜಾನನ ಕಚೇರಿಗೆ ಹೊರಡಲು ಅಂಗಿ ಇಸ್ತ್ರಿ ಮಾಡುತ್ತಿದ್ದರು. ವಯಸ್ಸು ಐವತ್ತಾರು. ಇಪ್ಪತ್ತೊಂಬತ್ತು ವರ್ಷದ ಸೇವೆಯಲ್ಲಿ ಒಂದು ಮೆಮೋ ಕೂಡ ಇಲ್ಲ. ಅವರೇ ಎದ್ದು ಹೋಗಿ, ದೇವರ ಫೋಟೋ ಕೆಳಗಿನ ಗೂಡಿನಿಂದ ಬಟ್ಟೆಯಲ್ಲಿ ಸುತ್ತಿದ ರಿಜಿಸ್ಟರ್ ತಂದು ಮೇಜಿನ ಮೇಲಿಟ್ಟರು. ಮೇಲೊಂದು ಹೊಸ ರಬ್ಬರ್.

"ಯಾಕೆ ಇಟ್ಕೊಂಡಿದ್ರಿ? ಒಲೆಗೆ ಹಾಕಬಹುದಿತ್ತಲ್ಲ?"

ಗಜಾನನರಿಗೆ ಆ ಪ್ರಶ್ನೆಯೇ ವಿಚಿತ್ರವೆನ್ನಿಸಿದಂತಿತ್ತು. "ಪುಟ ಸಂಖ್ಯೆ ಹಾಕಿದೆ ಸಾರ್. ಪ್ರತಿ ಹಾಳೆಗೂ ಸೀಲಿದೆ. ಅಂಥ ರಿಜಿಸ್ಟರನ್ನ ಸುಡೋಕಾಗುತ್ತಾ? ಆದಷ್ಟು ಅಳಿಸಿ ಸೋಮವಾರ ವಾಪಸ್ ಇಡೋಣ ಅಂತಿದ್ದೆ. ನಾನು ಹೋಗೋಷ್ಟರಲ್ಲಿ ಮೇಡಂ ಬೀರು ತೆಗೆದಿದ್ರು. ಆಮೇಲೆ ಎಲ್ಲಿಡ್ಲಿ?"

ಅವರು ಹಿಂದಿನ ಪುಟದಿಂದ ಶುರುಮಾಡಿ ಇಪ್ಪತ್ತಮೂರು ಚುಕ್ಕೆ ಅಳಿಸಿದ್ದರು. ಮಲ್ಲಪ್ಪ ಟಾರ್ಚನ್ನು ಓರೆಯಾಗಿ ಹಿಡಿದ. ಪೆನ್ಸಿಲ್ ಒತ್ತಿದ ಗುಂಡಿಗಳು ಕಾಗದದ ಮೇಲೆ ಒಂದೊಂದಾಗಿ ಎದ್ದು ಕಂಡವು. ಒಂದೂ ಕಳೆದಿರಲಿಲ್ಲ. ರೇಣುಕಪ್ರಸಾದರ ಎದೆಯಿಂದ ಎರಡು ದಿನದ ಭಾರ ಇಳಿಯಿತು.

ವಶಪಡಿಸಿಕೊಳ್ಳುವ ಮುಂಚೆ ಪುಟ ಎಣಿಸಬೇಕು. ಮೊದಲ ಪುಟದಲ್ಲಿ ಅಕ್ಟೋಬರಿನಲ್ಲಿ ನಡೆದ ಇಲಾಖೆಯ ಸಿಬ್ಬಂದಿಯ ತಪಾಸಣೆ. ತಪಾಸಣಾ ಅಭಿಯಾನ ಅವರಿಂದಲೇ ಶುರುವಾಗಬೇಕೆಂಬ ಆದೇಶವಿತ್ತು. ಕ್ರಮಸಂಖ್ಯೆ ಒಂದು: ಗಜಾನನ, ನಾರ್ಮಲ್. ಪಕ್ಕದಲ್ಲಿ ಚುಕ್ಕೆ.

"ಇದು ನಿಮ್ಮದಲ್ವಾ? ಅಕ್ಟೋಬರಲ್ಲಿ ಸ್ಟ್ರಿಪ್ ಇತ್ತಲ್ಲ?"

"ಇತ್ತು."

"ಮತ್ತೆ?"

ಗಜಾನನ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಆರಿಸಿದರು.

8.50ಕ್ಕೆ ದಸ್ತಗಿರಿ. ದಸ್ತಗಿರಿಯಾದವರನ್ನು ವೈದ್ಯರಿಗೆ ತೋರಿಸಬೇಕೆಂಬುದು ಕಾನೂನು. 9.40ಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ವೈದ್ಯ ವಿವೇಕ್, ಗಜಾನನರ ಒಣಗಿದ ತುಟಿ ನೋಡಿ, ಬೆರಳು ಮುಂದೆ ಮಾಡಲು ಹೇಳಿದರು. ಗಜಾನನ ಕೈ ಹಿಂದಕ್ಕೆ ಎಳೆದುಕೊಂಡರು.

"ಬೇಡ ಡಾಕ್ಟ್ರೇ."

"ಇಡೀ ತಾಲ್ಲೂಕಿಗೆ ಚುಚ್ಚಿಸಿದೋರು ನೀವು," ಎಂದ ಮಲ್ಲಪ್ಪ. ಗದರಿಸಲೆಂದು ಶುರುಮಾಡಿದ ಮಾತು ಮಧ್ಯದಲ್ಲೇ ಮೆತ್ತಗಾಯಿತು. "ಕೊಡಿ ಸಾರ್. ನಾನು ಹಿಡ್ಕೋತೀನಿ."

ಮುನ್ನೂರ ನಲವತ್ತಾರು.

"ಸರಿಯಾದ ಹೊತ್ತಿಗೆ ಸಿಕ್ಕಿದೆ," ಎಂದರು ವೈದ್ಯರು. "ಕಾಲು, ಕಣ್ಣು ಚೆನ್ನಾಗಿವೆ. ಇವತ್ತಿಂದ ಮಾತ್ರೆ."

ಮಧ್ಯಾಹ್ನ ಬರೆಸಿದ ಹೇಳಿಕೆ ಒಂದೇ ಪುಟ. ಗಜಾನನರ ತಂದೆಯೂ ಇದೇ ಇಲಾಖೆಯಲ್ಲಿದ್ದವರು. ಒಂದು ದಿನ ಸಕ್ಕರೆ ಎಷ್ಟೆಂದು ಗೊತ್ತಾಯಿತು; ಮುಂದಿನ ವರ್ಷ ಹೆಬ್ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮನುಷ್ಯ. "ಆ ಅಂಕಿ ಗೊತ್ತಾದ್ದರಿಂದಲೇ ಅಪ್ಪ ಹೋದರು ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ನನ್ನದಕ್ಕೆ ನಾರ್ಮಲ್ ಅಂತ ಬರೆಸಿದೆ. ಒಂದು ಸಲ ಬರೆಸಿದ ಮೇಲೆ ಬೇರೆಯವರದ್ದನ್ನು ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಚುಕ್ಕೆ ಹೊರಗೆ ಬಂದರೆ ನನ್ನದೂ ಬರುತ್ತೆ ಅಂತ ಅಳಿಸೋಕೆ ಹೊರಟೆ."

ರೇಣುಕಪ್ರಸಾದ್ ಕಡತವನ್ನು ಅಲ್ಲಿಗೆ ಕಟ್ಟಲಿಲ್ಲ. ಗೋಮತಿಯ ಹನ್ನೊಂದು ಪತ್ರಗಳ ಪ್ರತಿ, ಸಂಜೆಯ ಕೆಂಪು ಅಕ್ಷರಗಳ ಚಿತ್ರ, ಎಲ್ಲವನ್ನೂ ಸೇರಿಸಿ, ಸ್ಟ್ರಿಪ್ ಯಾಕೆ ಬರಲಿಲ್ಲವೆಂದು ಮೇಲಿನ ಕಚೇರಿಗೆ ಲಿಖಿತ ಉತ್ತರ ಕೇಳಿ ನೋಟಿಸ್ ಕಳಿಸಿದರು. ಗೋಮತಿಯ ಮೇಲೂ ಇಲಾಖಾ ವಿಚಾರಣೆ ನಡೆಯಿತು. ಅವರು ತಪ್ಪು ಒಪ್ಪಿಕೊಂಡರು, ಕೆಲಸ ಉಳಿಯಿತು. ನೋಟಿಸ್ ಹೋದ ಐದನೇ ದಿನ ಹೊಸಗದ್ದೆಗೆ ಆರು ಡಬ್ಬ ಸ್ಟ್ರಿಪ್ ಬಂದವು. ಉತ್ತರ ಬಂದಿದ್ದು ಇಪ್ಪತ್ತು ದಿನದ ಮೇಲೆ, ಅದೂ ಎರಡನೇ ನೋಟಿಸಿಗೆ. ಅದರ ಆಧಾರದ ಮೇಲೆ ಇಬ್ಬರು ಅಧಿಕಾರಿಗಳ ವಿಚಾರಣೆ ಶುರುವಾಯಿತು.

ಜನವರಿ 29, ಬುಧವಾರ, ಸಂಜೆ 4.30. ಗುಡ್ಡೆಕಾಡಿನಲ್ಲಿ ಹಣ್ಣು ತೂಗುವ ಕಣದ ಪಕ್ಕದಲ್ಲೇ ಮೇಜು ಹಾಕಿದರು. ಚೀಲ ಇಳಿಸಿದವರು ಹಾಗೆಯೇ ಬಂದು ಬೆರಳು ಕೊಟ್ಟರು. ಮುತ್ತಿ ಬಿಟ್ಟು ಉಳಿದ ಅರವತ್ತರಲ್ಲಿ ಏಳು ಜನರಿಗೆ ಸಕ್ಕರೆ ಕಾಯಿಲೆಯಿತ್ತು. ಏಳೂ ಶುರುವಿನದು.

"ನಿಮ್ಮದು?" ಎಂದು ಗೋಮತಿ ಮಲ್ಲಪ್ಪನನ್ನು ಕೇಳಿದಾಗ ಅವನು ಜೀಪಿನ ಹಿಂದೆ ಸರಿಯುತ್ತಿದ್ದ.

"ಹಿಡ್ಕೊಂಡು ಬನ್ರಿ ಅವನನ್ನ," ಎಂದರು ರೇಣುಕಪ್ರಸಾದ್. ಲೈನಿನ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನೂರ ನಾಲ್ಕು. ಅಂದಿನಿಂದ ಅವನ ಚಹಾಕ್ಕೆ ಎರಡೇ ಚಮಚ ಸಕ್ಕರೆ.

ಫೆಬ್ರವರಿ 3ರಂದು ಮುತ್ತಿ ಎರಡೂ ಕಾಲೂರಿ ಬಸ್ಸಿನಿಂದ ಇಳಿದಳು, ಒಂದು ಕೈ ಮಗಳ ಹೆಗಲ ಮೇಲೆ. ಮರುವಾರ ಮಾತ್ರೆಗೆಂದು ಅವಳು ಹೊಸಗದ್ದೆಗೆ ಬಂದಾಗ ಸರದಿಯಲ್ಲಿ ಅವಳ ಮುಂದೆ ಗಜಾನನ ನಿಂತಿದ್ದರು. ಜಾಮೀನಿನ ಮೇಲೆ ಬಿಡುಗಡೆ, ಅಮಾನತಿನಲ್ಲಿದ್ದರು. ಗುರುತು ಹಿಡಿದು, ತಲೆ ತಗ್ಗಿಸಿ ಪಕ್ಕಕ್ಕೆ ಸರಿದರು.

"ನೀವೇ ಮುಂದೆ ಹೋಗಮ್ಮ. ಕಾಲು ನೋಯುತ್ತೆ."

ಮುತ್ತಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಬಯ್ಯಬೇಕೆಂದಿದ್ದ ಮಾತು ಬಾಯಿಗೆ ಬಂದಿತ್ತೇನೋ. ಆದರೆ ಅವಳ ಕಣ್ಣು ಅವರ ಚಪ್ಪಲಿಯ ಮೇಲೆ ನಿಂತಿತು.

"ತುದಿ ಹರಿದಿದೆ. ಬೆರಳಿಗೆ ತಾಗುತ್ತೆ. ಮೊದಲು ಅದನ್ನ ಬಿಸಾಕಿ, ಮೆತ್ತಂದು ತಗೊಳ್ಳಿ," ಎಂದಳು. "ನನಗೆ ಶುರುವಾಗಿದ್ದು ಹಾಗೇ."

ಇಬ್ಬರ ಅಂಕಿಯನ್ನೂ ಗೋಮತಿ ಪೆನ್ನಿನಲ್ಲೇ ಬರೆದುಕೊಂಡರು. ಹೊಸ ರಿಜಿಸ್ಟರಿನ ಆ ಪುಟದಲ್ಲಿ ಚುಕ್ಕೆಗಳಿರಲಿಲ್ಲ.