ಟಾರ್ಪಾಲಿನ ಕೆಳಗಿನ ಅಕ್ಕಿ

ಜುಲೈ ಒಂಬತ್ತು, ಬೆಳಿಗ್ಗೆ ಎಂಟು ಗಂಟೆ. ಸಿದ್ಧಕಟ್ಟೆಯಿಂದ ಬಂದ ಮನುಷ್ಯ ಠಾಣೆಯ ಬೆಂಚಿನಲ್ಲಿ ಕೂರಲೊಪ್ಪದೆ ನಿಂತೇ ದೂರು ಹೇಳಿದ. ತಂಗಿ ಕಾಂತಿ ಆಸ್ಪತ್ರೆಯಲ್ಲಿದ್ದಾಳೆ. ಅವಳ ಆರು ವರ್ಷದ ಮಗ ಭವಿತ್ ನಸುಕಿನಲ್ಲಿ ತೀರಿಕೊಂಡ. ಎಸ್.ಐ. ಮನೀಷ್ ಅಸ್ವಾಭಾವಿಕ ಮರಣವೆಂದು ದಾಖಲಿಸಿಕೊಂಡು, ಹೆಡ್ ಕಾನ್‌ಸ್ಟೇಬಲ್ ಹಸ್ನಾಳನ್ನು ಕರೆದುಕೊಂಡು ಹೊರಟ.

ಒಂದೇ ಕೋಣೆಯ ಬಾಡಿಗೆ ಮನೆ. ಸೊಳ್ಳೆಗೆ ಹೆದರಿ ಕಿಟಕಿಯ ಸಂದಿಗೆ ಹಳೆ ಸೀರೆ ತುರುಕಿತ್ತು. ಮಂಚದ ಕೆಳಗಿನ ಅಕ್ಕಿ ಚೀಲದಿಂದ ಬೆಳ್ಳುಳ್ಳಿ ಕೊಳೆತಂಥ ವಾಸನೆ.

"ಹೊರಗೆ ಬನ್ನಿ ಎಲ್ಲರೂ" ಎಂದ ಮನೀಷ್.

ಪಂಚರ ಎದುರು ಅಂಗಳದಲ್ಲಿ ಚೀಲ ಸುರಿದಾಗ ಬಟ್ಟೆಯ ಪುಟ್ಟ ಪೊಟ್ಟಣವೊಂದು ಬಿತ್ತು. ಒಳಗೆ ಬೂದಿಯಂಥ ಪುಡಿ. ಗೋದಾಮಿನಲ್ಲಿ ಹುಳಕ್ಕೆ ಇಡುವ ಗುಳಿಗೆ, ಅದರ ಅನಿಲ ಮುಚ್ಚಿದ ಕೋಣೆಯಲ್ಲಿ ತುಂಬಿರಬೇಕು ಎಂದರು ವೈದ್ಯರು ಫೋನಿನಲ್ಲಿ. ಚೀಲವನ್ನು ಯಾರೋ ಒಳಹೊರಗು ಮಾಡಿದ್ದರು. ಒಳಮೈಯಲ್ಲಿ ಪಾಣೆಮಂಗಳೂರಿನ ಆಹಾರ ನಿಧಿಯ ಮೊಹರು. ಬಾಯಿಗೆ ಗಂಟಿಲ್ಲ, ಗುಲಾಬಿ ನೂಲನ್ನು ಬಿಗಿಯಾಗಿ ಸುತ್ತಿ ತುದಿಯನ್ನು ಒಳಗೆ ಸಿಕ್ಕಿಸಿತ್ತು. ಅಮ್ಮ ಕಟ್ಟಿದ ಬೀಡಿಯಿಂದಲೇ ಓದಿದವನು ಮನೀಷ್. ಆ ಸುತ್ತು ಬೀಡಿ ಕಟ್ಟುವ ಕೈಯದ್ದೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ.

ಆಸ್ಪತ್ರೆಯಲ್ಲಿ ಕಾಂತಿ ಗೋಡೆ ನೋಡುತ್ತ ಮಲಗಿದ್ದಳು.

"ಅಕ್ಕಿ ಸಂತೆಯಿಂದ ತಂದದ್ದು ಸರ್."

"ನಿಧಿಯವರ ಕಿಟ್ ನಿಮಗೆ ಸಿಗುದಿಲ್ವಾ?" ಹಸ್ನಾ ಕೇಳಿದಳು.

"ಮೊದಲು ಸಿಗ್ತಿತ್ತು. ಈಗ ಕಿಟ್ ಹಿಡ್ಕೊಂಡು ಫೋಟೋಕ್ಕೆ ನಿಲ್ಲಬೇಕು. ಭವಿತನ ಶಾಲೆಯವರೆಲ್ಲ ಮೊಬೈಲಲ್ಲಿ ನೋಡ್ತಾರೆ, ಬೇಡ ಅಂದೆ. ಹೆಸರು ತೆಗೆದರು." ಅವಳು ಹಸ್ನಾಳ ಕಡೆ ತಿರುಗಿದಳು. "ಅವ ಎಂತಾದ್ರೂ ತಿಂದನಾ ಮೇಡಂ?"

ಮಗ ಇಲ್ಲವೆಂದು ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಹಸ್ನಾ ಟೋಪಿ ಸರಿಮಾಡುವ ನೆವದಲ್ಲಿ ಮುಖ ತಿರುಗಿಸಿದಳು.

ಎಫ್.ಐ.ಆರ್. ಆಯಿತು. ಪಾಣೆಮಂಗಳೂರಿನ ನಿಧಿಯ ಗೋದಾಮಿನಲ್ಲಿ ಹೆಂಗಸರು ಬೇಳೆ ಅಳೆದು ಕಿಟ್ ತುಂಬುತ್ತಿದ್ದರು.

"ಇಲ್ಲಿ ಬೀಡಿ ಕಟ್ಟುವವರು ಯಾರು?" ಮನೀಷ್ ಕೇಳಿದ.

"ಯಾರು ಕಟ್ಟುದಿಲ್ಲ ಕೇಳಿ ಸರ್!" ಎಂದಳೊಬ್ಬಳು. ಎಲ್ಲರೂ ನಕ್ಕರು.

"ಸಿದ್ಧಕಟ್ಟೆಯವರು?"

ನಗು ನಿಂತಿತು. ಮೂಲೆಯಲ್ಲಿದ್ದ ಸೈನಬ ಕೈಯ ಸೇರು ಕೆಳಗಿಟ್ಟಳು.

"ನಾನೇ ಕೊಟ್ಟದ್ದು ಸರ್. ಕಾಂತಿ ನಮ್ಮ ನೆರೆಮನೆ. ಗುರ್ತ ಸಿಗಬಾರ್ದು ಅಂತ ಖಾಲಿ ಚೀಲ ತಿರುಗಿಸಿ ಟಾರ್ಪಾಲಿನ ಕೆಳಗಿನ ಅಕ್ಕಿ ತುಂಬಿದೆ, ಗಡಿಬಿಡಿಯಲ್ಲಿ ಪೊಟ್ಟಣ ಕಾಣಲಿಲ್ಲ."

"ಗುಳಿಗೆ ಇಟ್ಟ ಅಕ್ಕಿ ಅಂತ ಗೊತ್ತಿರಲಿಲ್ವಾ?"

"ಗುಳಿಗೆ ಇಡುದು ನಮಗೆ ರಜೆ ಇರುವಾಗ. ಟಾರ್ಪಾಲು ಹೊದಿಸಿ ಅಪಾಯದ ಬೋರ್ಡ್ ನೇತು ಹಾಕ್ತಾರೆ. ಬೋರ್ಡ್ ಇದ್ರೆ ಹತ್ತಿರ ಹೋಗುದಿಲ್ಲ, ಬೋರ್ಡ್ ಹೋದ್ರೆ ತುಂಬುದು. ಯಾವಾಗ್ಲೂ ಹಾಗೇ. ಮೊನ್ನೆ ಬೋರ್ಡ್ ಇರ್ಲಿಲ್ಲ ಸರ್. ಅಲ್ಲಾನಾಣೆ ಇರ್ಲಿಲ್ಲ."

ಮ್ಯಾನೇಜರ್ ಸುಧಾಕರ ಚಹಾ ತರಿಸಲು ಹೊರಟಿದ್ದ.

"ಬೋರ್ಡ್ ಎಲ್ಲಿ?"

"ಅಲ್ಲೇ ಇತ್ತಲ್ಲ ಸರ್. ಕದ್ದವಳ ಮಾತು ನಂಬ್ತೀರಾ?"

ಮನೀಷ್ ಕಚೇರಿಯ ಗೋಡೆ ನೋಡಿದ. ಮೂಡುಬಿದಿರೆಯ ದಾನಿಗಳು ಬಂದಿದ್ದ ದಿನದ ಹೊಸ ಫೋಟೋ, ಕೆಳಗೆ ತಾರೀಕು: ಜುಲೈ ಏಳು. ಶಾಲು ಹೊದ್ದವರ ಹಿಂದೆ ಟಾರ್ಪಾಲು, ಅದರ ಮೇಲೆ ಹೂವಿನ ಮಾಲೆ. ಬೋರ್ಡ್ ಇಲ್ಲ. ಹಸ್ನಾ ಶೌಚಾಲಯದ ಹಿಂದಿನಿಂದ ಅದನ್ನು ಎತ್ತಿಕೊಂಡು ಬಂದಳು. ಬರಹ ಗೋಡೆಗೆ ಮುಖ ಮಾಡಿ ನಿಂತಿತ್ತಂತೆ. ಪಂಚನಾಮೆಗೆ ಪಂಚರು ಸಹಿ ಹಾಕಿದರು.

ಸುಧಾಕರ ಕುರ್ಚಿಯಲ್ಲಿ ಕುಸಿದ.

"ದಾನ ಕೊಡುವವರೇ ಕಡಿಮೆ ಆಗಿದ್ರು ಸರ್. ಅವರ ಬೆನ್ನ ಹಿಂದೆ ತಲೆಬುರುಡೆ ಚಿತ್ರ ಕಂಡ್ರೆ ಆ ಫೋಟೋ ಯಾರು ಹಂಚ್ತಾರೆ? ಅವರು ಹೋದ ಮೇಲೆ ಹಾಕುವ ಅಂತಿದ್ದೆ. ಊಟ, ಗಡಿಬಿಡಿ... ಮರೆತೆ."

"ಮಗು ಸತ್ತ ಸುದ್ದಿ ಕೇಳಿದಾಗ?"

"ಆಗ ಶೌಚಾಲಯದ ಹಿಂದೆ ಅಡಗಿಸಿದೆ."

ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯ ಮರೆಮಾಚಿದ್ದು: ಸಂಜೆ ಆರಕ್ಕೆ ಬಂಧನ. ಠಾಣೆಯಲ್ಲಿ ಸೈನಬಳ ಹೇಳಿಕೆ ಬರೆದುಕೊಂಡು ಮನೆಗೆ ಹೋಗಲು ಹೇಳಿದರೂ ಅವಳು ಏಳಲಿಲ್ಲ.

"ಕಾಂತಿಗೆ ನಾನು ಹೇಳ್ಬೇಕಾ, ನೀವು ಹೇಳ್ತೀರಾ ಸರ್?"

ಮನೀಷ್ ಪೆನ್ನಿನ ಮುಚ್ಚಳ ಹಾಕಿದ. "ಒಟ್ಟಿಗೆ ಹೋಗುವ ಅಕ್ಕ."

ಒಳಗೆ ದಾಖಲೆಗೆಂದು ಹಸ್ನಾ ಮೊಬೈಲ್ ಎತ್ತಿದಳು. ಸುಧಾಕರ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಫೋಟೋ ಬೇಡ ಮೇಡಂ. ಮಕ್ಕಳ ಶಾಲೆಯಲ್ಲಿ ಎಲ್ಲ ನೋಡ್ತಾರೆ."

ಅವನು ಕೈ ಇಳಿಸುವ ತನಕ ಹಸ್ನಾ ಮೊಬೈಲ್ ಹಿಡಿದುಕೊಂಡೇ ನಿಂತಳು.