ಉಪ್ಪುನೀರಿನ ಬಣ್ಣ

"ರೀ, ನಿಮ್ಮಮ್ಮನ ಸೀರೆ ಹಸಿರು. ನೀವು ನಿನ್ನೆ ಆರಿಸ್ಕೊಂಡು ಹೋಗಿದ್ದು ಇಟ್ಟಿಗೆ ಬಣ್ಣ. ನನ್ನನ್ನ ಆಟ ಆಡಿಸ್ತಿದ್ದೀರಾ?"

ಪವಿತ್ರಾ ಬ್ಲೌಸ್ ಪೀಸನ್ನು ಮೇಜಿನ ಮೇಲೆ ಹರವಿ, ಪಕ್ಕದಲ್ಲೇ ಸೀರೆಯ ಸೆರಗಿಟ್ಟು ತೋರಿಸಿದಳು. ವಸಂತ್ ಎರಡನ್ನೂ ದಿಟ್ಟಿಸಿದ. ಅವನ ಕಣ್ಣಿಗೆ ಎರಡೂ ಒಂದೇ.

"ಬೆಳಕು ಕಮ್ಮಿ ಇತ್ತು, ಗೊತ್ತಾಗ್ಲಿಲ್ಲ," ಎಂದ.

"ಮಟಮಟ ಮಧ್ಯಾಹ್ನ ಬೆಳಕು ಕಮ್ಮಿನಾ?" ಅವಳು ತಲೆ ಎತ್ತಲಿಲ್ಲ, ಕಣ್ಣನ್ನಷ್ಟೇ ಎತ್ತಿದಳು. ತುಟಿಯ ಮೂಲೆಗೆ ಬಂದ ನಗು, ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಸೋದರಮಾವ ಶಿವನಂಜಪ್ಪನನ್ನು ಕಂಡು ಅಲ್ಲೇ ಅಡಗಿತು.

ಹುಣಸೂರಿನ ಬಜಾರ್ ರಸ್ತೆಯಲ್ಲಿ ಶಿವನಂಜಪ್ಪನ ಮ್ಯಾಚಿಂಗ್ ಸೆಂಟರ್ ಒಂದು ಮಗ್ಗುಲಿಗೆ, ವಸಂತನ ಜೆರಾಕ್ಸ್ ಅಂಗಡಿ ಇನ್ನೊಂದು ಮಗ್ಗುಲಿಗೆ. ಅಂಗಡಿಯ ಹಿಂದೆಯೇ ವಸಂತ್ ತಾಯಿ ಚಾಮುಂಡಮ್ಮನ ಜೊತೆ ಇದ್ದ. ಪವಿತ್ರಾ ಎಚ್.ಡಿ. ಕೋಟೆ ಕಡೆಯವಳು; ಮಾವನ ಮನೆಯಲ್ಲಿದ್ದುಕೊಂಡು ಅಂಗಡಿ ನೋಡಿಕೊಳ್ಳುತ್ತಿದ್ದಳು.

ಕೆಂಪು, ಹಸಿರು, ಕಂದು ಮೂರೂ ವಸಂತನಿಗೆ ಹುಟ್ಟಿನಿಂದ ಒಂದೇ ಕೆಸರು. ರೈಲ್ವೆ ಕೆಲಸದ ಮೆಡಿಕಲ್‌ನಲ್ಲಿ, ಬಣ್ಣದ ಚುಕ್ಕೆಗಳ ನಡುವಿನ ಅಂಕಿ ಓದು ಎಂದಾಗ ಅವನಿಗೆ ಚುಕ್ಕೆ ಬಿಟ್ಟು ಬೇರೇನೂ ಕಂಡಿರಲಿಲ್ಲ. ಊರಿಗೆ ಬಂದು, ಕೆಲಸ ಖಾಲಿ ಇಲ್ಲವಂತೆ ಎಂದುಬಿಟ್ಟ. ತಾಯಿಗೂ ಹೇಳಿದ್ದು ಅಷ್ಟೇ. ಹುಡುಗನ ಕಣ್ಣು ಸರಿಯಿಲ್ಲ ಎಂದು ಒಮ್ಮೆ ಜನರ ಬಾಯಿಗೆ ಬಿದ್ದರೆ ಹೆಣ್ಣು ಕೊಡುವವರು ಯಾರು?

ಅವನ ಕಣ್ಣು ಮೋಸಹೋಗದ ಜಾಗವೆಂದರೆ ನಡುಮನೆಯ ಗಾಜಿನ ತೊಟ್ಟಿ. ಹೊಗೆಸೊಪ್ಪಿನ ಕಂಪನಿಯ ಆಫೀಸರೊಬ್ಬರು ವರ್ಗವಾಗಿ ಹೋಗುವಾಗ, ಸಾಗಿಸಲಾಗದೆ ಬಿಟ್ಟುಹೋದ ಸಮುದ್ರದ ಅಕ್ವೇರಿಯಂ ಅದು. ಒಳಗೆ ಹವಳದ ಗಿಡಗಳು, ಅವುಗಳ ನಡುವೆ ಹಳದಿ ಬಾಲದ ನೀಲಿ ಮೀನುಗಳು. ಆ ನೀಲಿ, ಆ ಹಳದಿ ಎಲ್ಲರಿಗೆ ಕಾಣುವಷ್ಟೇ ಅವನಿಗೂ ನಿಚ್ಚಳ. ಅದರ ಮುಂದೆ ಕೂತರೆ ತನಗೇನೂ ಕೊರತೆಯಿಲ್ಲ ಎನಿಸುತ್ತಿತ್ತು.

ಆದರೆ ಆ ನೀರು ಅವನ ಪ್ರಾಣ ಹಿಂಡುತ್ತಿತ್ತು. ಸಮುದ್ರದುಪ್ಪು ಬೆರೆಸಿದ ನೀರಿನ ಪಿಎಚ್ ಎಂಟರಿಂದ ತುಸು ಮೇಲೆ ನಿಲ್ಲಬೇಕು. ಇಳಿದರೆ ಹವಳ ಸೊರಗುತ್ತದೆ, ಏರಿದರೆ ಸುಟ್ಟುಹೋಗುತ್ತದೆ. ಇಳಿದಾಗ ಸುಣ್ಣದ ತಿಳಿಯನ್ನು ಹನಿಹನಿಯಾಗಿ ಬಿಡಬೇಕು. ಇಳಿದಿದೆಯೋ ಏರಿದೆಯೋ ತಿಳಿಯಲು ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಔಷಧದ ಹನಿ ಹಾಕಿ, ಬಂದ ಬಣ್ಣವನ್ನು ಕಾರ್ಡಿಗೆ ಹೋಲಿಸಬೇಕು. ಕಡಿಮೆಯಿದ್ದರೆ ಹಸಿರು, ಸರಿಯಿದ್ದರೆ ಕಂದು, ಹೆಚ್ಚಾದರೆ ಕೆಂಪು. ಪ್ರಪಂಚದಲ್ಲಿ ಇಷ್ಟು ಬಣ್ಣಗಳಿರುವಾಗ ಈ ಮೂರೇ ಬೇಕಿತ್ತೇ!

ಬೆಂಗಳೂರಿನ ಮೀನಂಗಡಿಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರೆ, "ಬಣ್ಣ ಏನು ಬಂತು ಸಾರ್?" ಎನ್ನುತ್ತಿದ್ದರು.

"ಅದೇ... ನಡುವೆ."

"ಯಾವುದರ ನಡುವೆ ಸಾರ್?"

ವಸಂತ್ ಫೋನ್ ಇಟ್ಟುಬಿಡುತ್ತಿದ್ದ. ಅಂದಾಜಿನ ಮೇಲೆ ಸುಣ್ಣದ ತಿಳಿ ಬಿಡುತ್ತಿದ್ದ. ಒಂದು ಮೀನು ಸತ್ತು ತೇಲಿತು. ಹವಳ ಮುದುಡಿತು.

"ಉಪ್ಪು ನೀರಿಗೆ ಸುಣ್ಣ ಉಯ್ಕೊಂಡು ಕುಂತವ್ನೆ. ಎಲೆಅಡಿಕೆನೂ ಆಕ್ಬುಡು, ಮೀನು ಜಗಿದು ಉಗೀಲಿ!" ಎಂದು ಚಾಮುಂಡಮ್ಮ ರೇಗಿದಳು.

ಮರುದಿನ ವಸಂತ್ ಕೊಳವೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಕಾರ್ಡನ್ನು ಜೇಬಿಗಿಟ್ಟು, ರಸ್ತೆ ದಾಟಿದ.

"ಇದು ಯಾವುದಕ್ಕೆ ಮ್ಯಾಚ್ ಆಗುತ್ತೆ ಹೇಳ್ತೀರಾ?"

ಪವಿತ್ರಾ ಕೊಳವೆಯನ್ನು ಬೆಳಕಿಗೆ ಹಿಡಿದಳು. ಆಮೇಲೆ ಅವನನ್ನು ನೋಡಿದಳು. "ಹಸಿರು. ಇದನ್ನ ಕೇಳೋಕೆ ರಸ್ತೆ ದಾಟಿ ಬಂದ್ರಾ?"

"ನಿಮ್ಮ ಕಣ್ಣು ಚುರುಕು ಅಂತ..."

"ಬುಡಿ ಬುಡಿ. ಬೇರೆ ನೆಪ ಸಿಗಲಿಲ್ವಾ?"

ಹೌದು, ನೆಪ ಎಂದು ಅವನು ತಲೆ ತಗ್ಗಿಸಿದ. ನಿಜ ಹೇಳುವುದಕ್ಕಿಂತ ಅದೇ ಹಗುರವಾಗಿತ್ತು.

ಅಂದಿನಿಂದ ದಿನಾ ಕೊಳವೆ ರಸ್ತೆ ದಾಟಿತು. ಅವಳು ಗಿರಾಕಿಗೆ ಫಾಲ್ ಬಟ್ಟೆ ಅಳೆಯುತ್ತಲೇ ಕಣ್ಣಂಚಿನಲ್ಲಿ ನೋಡಿ, "ಕಂದು. ಇವತ್ತು ನಿಮ್ಮ ಸಮುದ್ರ ಸುಖವಾಗಿದೆ," ಎನ್ನುತ್ತಿದ್ದಳು. ಕೊಳವೆ ಹಿಂದಿರುಗಿಸುವಾಗ ಅವಳ ಬೆರಳು ಬೇಕೆಂದೇ ತುಸು ನಿಧಾನ ಮಾಡುತ್ತಿತ್ತು. ಹವಳ ಮತ್ತೆ ಅರಳಿತು. ವಸಂತ್ ಸಿಳ್ಳೆ ಹಾಕುತ್ತ ಜೆರಾಕ್ಸ್ ತೆಗೆಯತೊಡಗಿದ.

ಒಂದು ಗುರುವಾರ ಅವಳು ದನಿ ತಗ್ಗಿಸಿದಳು. "ಭಾನುವಾರ ಮಿರ್ಲೆಯಿಂದ ನನ್ನ ನೋಡೋಕೆ ಬತ್ತಾವ್ರೆ."

ವಸಂತ್ ಕೊಳವೆಯನ್ನು ಮೇಜಿನ ಮೇಲಿಟ್ಟ.

"ಇವತ್ತು ನಿಮ್ಮ ವಿಷಯ ಅತ್ತೆಗೆ ಹೇಳ್ತೀನಿ. ಇಲ್ಲಿ ಮಾವ ಕೂತಿರ್ತಾರೆ, ಮಾತಾಡೋಕಾಗಲ್ಲ. ಅತ್ತೆ ಒಪ್ಪಿದ್ರೆ ನಾಳೆ ಕೆಂಪು ಸೀರೆ ಉಟ್ಕೊಂಡ್ ಬತ್ತೀನಿ. ಸಂಜೆನೇ ಮನೆಗೆ ಬಂದು ಕೇಳಿ. ಒಪ್ದಿದ್ರೆ ಹಸಿರು. ಬರಬೇಡಿ."

ಆಗಲೇ ಹೇಳಬೇಕಿತ್ತು. ವಸಂತ್ ತಲೆಯಾಡಿಸಿ, ಕೊಳವೆ ತೆಗೆದುಕೊಂಡು ಹೊರಟುಬಿಟ್ಟ.

ಶುಕ್ರವಾರ ಅವಳು ಅಂಗಡಿಯ ಬಾಗಿಲಲ್ಲಿ, ಬಿಸಿಲಿಗೆ ಬಂದು ನಿಂತಳು. ಬೆನ್ನ ಹಿಂದೆ ಮಾವನಿದ್ದುದರಿಂದ ನಗಲಿಲ್ಲ. ಸೆರಗನ್ನು ಮುಂದಕ್ಕೆಳೆದುಕೊಂಡು, ನೇರ ಅವನ ಕಡೆ ನೋಡುತ್ತ ನಿಂತಳು. ವಸಂತ್ ಕಣ್ಣು ಕಿರಿದು ಮಾಡಿದ, ಉಜ್ಜಿಕೊಂಡ. ಕೆಸರು, ಬರೀ ಕೆಸರು. ನಡುಬೀದಿಯಲ್ಲಿ ನಿಂತು ಪರರ ಮನೆ ಹುಡುಗಿಯ ಸೀರೆ ಯಾವ ಬಣ್ಣ ಎಂದು ಯಾರನ್ನು ಕೇಳುವುದು? ಅವಳು ನಗುತ್ತಿಲ್ಲ. ಹಾಗಾದರೆ ಹಸಿರೇ ಇರಬೇಕು ಎಂದುಕೊಂಡ. ಸಂಜೆ ಅವನು ಹೋಗಲಿಲ್ಲ.

ಶನಿವಾರ ಬೆಳಗ್ಗೆ, ಕೊನೆಯದಾಗಿ ಮುಖವಾದರೂ ನೋಡೋಣವೆಂದು ಕೊಳವೆ ಹಿಡಿದು ಹೋದ. ಅವಳ ಕಣ್ಣುಗಳು ಊದಿಕೊಂಡಿದ್ದವು.

"ನೀವೇ ನೋಡ್ಕೊಳ್ಳಿ," ಎಂದಳು. "ಕಣ್ಣಿಲ್ವಾ ನಿಮಗೆ?"

ಮನೆಗೆ ಬಂದವನಿಗೆ ಮೈಯೆಲ್ಲ ಉರಿಯುತ್ತಿತ್ತು. ಕೊಳವೆ ಎತ್ತಿ ನೋಡಿದ. ಹಸಿರು ಎನಿಸಿತು. ಹನಿಹನಿಯಾಗಿ ಬಿಡುವ ತಾಳ್ಮೆಯಿಲ್ಲದೆ ಸುಣ್ಣದ ತಿಳಿಯನ್ನು ಲೋಟದಲ್ಲೇ ಸುರಿದ. ಸ್ವಲ್ಪ ಹೊತ್ತಿಗೆ ನೀರು ಹಾಲಿನಂತೆ ಬೆಳ್ಳಗಾಯಿತು. ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು.

"ಅಯ್ಯೋ, ಏನ್ ಮಾಡ್ದೋ!" ಎಂದು ಚಾಮುಂಡಮ್ಮ ಕೂಗಿದ್ದು ರಸ್ತೆಯಾಚೆಗೂ ಕೇಳಿತು. ಮಾವ ತಿಂಡಿಗೆ ಹೋಗಿದ್ದ ಹೊತ್ತು. ಪವಿತ್ರಾ ಓಡಿ ಬಂದಳು. ತೊಟ್ಟಿ ನೋಡಿದಳು, ಪಕ್ಕದಲ್ಲಿದ್ದ ಕೊಳವೆ ನೋಡಿದಳು.

"ಇದು ಕೆಂಪು ಕಣ್ರೀ! ಮೊದ್ಲೇ ಜಾಸ್ತಿ ಇದೆ, ಮೇಲೆ ಮತ್ತೆ ಸುಣ್ಣ ಸುರಿದ್ರಾ? ಕಣ್ಣೆದುರಿಗಿರೋದೇ ನಿಮಗೆ ಕಾಣಲ್ವಾ?"

"ಕಾಣಲ್ಲ!" ವಸಂತ್ ಕಿರುಚಿದ. ಆಮೇಲೆ ದನಿ ಕುಸಿಯಿತು. "ನಂಗೆ ಕೆಂಪು ಹಸಿರು ಕಾಣಲ್ಲ ಪವಿತ್ರಾ. ಹುಟ್ಟಿದಾಗಿಂದ. ನಿನ್ನೆ ನೀವು ಬಿಸಿಲಲ್ಲಿ ನಿಂತಿದ್ರಿ, ಯಾವ ಸೀರೆ ಅಂತ ಗೊತ್ತಾಗ್ಲಿಲ್ಲ."

ಚಾಮುಂಡಮ್ಮ ಮಗನ ಮುಖವನ್ನೇ ನೋಡುತ್ತ ನಿಂತಳು. ಪವಿತ್ರಾ ಬಕೆಟ್ ಎತ್ತಿಕೊಂಡು, "ಬೇರೆ ಉಪ್ಪುನೀರು ಇದೆಯಾ?" ಎಂದಳು.

ಹಿಂದಿನ ದಿನ ಬೆರೆಸಿಟ್ಟ ನೀರು ಹಿತ್ತಲಲ್ಲಿತ್ತು. ಇಬ್ಬರೂ ಬಿಳಿನೀರನ್ನು ಮೊಗೆದು ಚೆಲ್ಲಿದರು, ಹೊಸದನ್ನು ಸುರಿದರು. ಅವಳ ಸೀರೆಯ ಅಂಚು ಒದ್ದೆಯಾಯಿತು. ಹವಳ ಬಹುಪಾಲು ಹೋಗಿತ್ತು; ಅದರ ಮೈ ನೂಲುನೂಲಾಗಿ ಕಳಚುತ್ತಿತ್ತು. ಮೂರು ಮೀನುಗಳು ಮಾತ್ರ ಉಳಿದವು.

ಬಕೆಟ್ ಕೆಳಗಿಟ್ಟು ಅವಳು ಕೇಳಿದಳು: "ಅಂದ್ರೆ, ಇಷ್ಟು ದಿನ ಬತ್ತಿದ್ದಿದ್ದು ನೆಪ ಅಲ್ವಾ? ನಿಜವಾಗ್ಲೂ ಮೀನಿಗೋಸ್ಕರ ಬತ್ತಿದ್ರಾ?"

ಈ ಪ್ರಶ್ನೆ ವಸಂತ್ ನಿರೀಕ್ಷಿಸಿರಲಿಲ್ಲ.

"ಮೊದಲನೇ ದಿನ ಮೀನಿಗೋಸ್ಕರ," ಎಂದ. "ಆಮೇಲೆ... ಆ ನೀರನ್ನ ವಾರಕ್ಕೊಂದು ಸಲ ನೋಡಿದ್ರೆ ಸಾಕು ಕಣ್ರೀ."

ಅವಳು ಮುಖ ಆಚೆ ತಿರುಗಿಸಿದಳು. ಒದ್ದೆ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳೋ ಅತ್ತಳೋ, ಭುಜ ಮಾತ್ರ ಕುಲುಕಿತು.

"ನಿನ್ನೆ ಕೆಂಪೇ ಉಟ್ಟಿದ್ದೆ. ಸಂಜೆ ಬನ್ನಿ," ಎಂದಳು. "ಇದನ್ನೂ ನೀವೇ ಹೇಳಿ. ಮುಚ್ಚಿಟ್ಟು ನನ್ನ ಕೇಳಬೇಡಿ."

ಸಂಜೆ ಶಿವನಂಜಪ್ಪನ ಮನೆಯ ಜಗಲಿಯಲ್ಲಿ ವಸಂತ್ ಬೆವರುತ್ತ ಕೂತ. ಬಂದ ವಿಷಯ ಹೇಳಿದ. ಉಸಿರೆಳೆದುಕೊಂಡು ಕಣ್ಣಿನ ವಿಷಯವನ್ನೂ ಹೇಳಿದ.

ಶಿವನಂಜಪ್ಪನ ಹುಬ್ಬು ಗಂಟಿಕ್ಕಿತು. "ಬಣ್ಣದ ಅಂಗಡಿಯೋನ ಮನೆಗೆ ಬಣ್ಣ ಕಾಣದ ಅಳಿಯನಾ? ಜನ ನಗಾಕಿಲ್ವೇನಯ್ಯ?"

ಒಳಗಿನಿಂದ ಕಾಫಿ ತಂದ ಅತ್ತೆ ಕುಳ್ಳಮ್ಮ ತಟ್ಟೆಯನ್ನು ಸದ್ದಾಗುವಂತೆ ಇಟ್ಟಳು. "ನಿಮಗೆ ಸಾರಿಗೆ ಉಪ್ಪು ಜಾಸ್ತಿಯೋ ಕಮ್ಮಿಯೋ ಇವತ್ತಿಗೂ ಗೊತ್ತಾಗಾಕಿಲ್ಲ. ನಾನೇನು ಬುಟ್ಟು ಓದ್ನಾ? ಈ ಉಡುಗ ಬಾಯಿಬುಟ್ಟು ಏಳವ್ನೆ. ಮಿರ್ಲೆಯೋರು ಏನೇನು ಮುಚ್ಚಿಟ್ಕೊಂಡು ಬತ್ತಾರೋ ಯಾರಿಗೊತ್ತು!"

ಶಿವನಂಜಪ್ಪ ಕಾಫಿ ಕುಡಿದು ಮುಗಿಸಿ ಚಪ್ಪಲಿ ಮೆಟ್ಟಿದ.

"ನಾಳೆ ನಿಮ್ಮವ್ವನ್ನ ಕರ್ಕೊಂಡ್ ಬಾರಯ್ಯ," ಎಂದ. "ಬೂತ್ ಮುಚ್ಚೋದ್ರೊಳಗೆ ಮಿರ್ಲೆಗೊಂದು ಫೋನ್ ಮಾಡಿ ಬತ್ತೀನಿ."

ಬಾಗಿಲ ಹಿಂದೆ ಲೋಟವೊಂದು ಬಿದ್ದು ಉರುಳಿತು.

"ಯಾರವ್ವ ಅದು?" ಎಂದಳು ಕುಳ್ಳಮ್ಮ, ಗೊತ್ತಿದ್ದೂ.